ಮೊಬೈಲ್ ಕಂಪಾಸ್ ಮುಳ್ಳು ಅಲುಗಿದ್ರ ಭೂಕಂಪ ಆಗ್ತದೇನು?

ಪ್ರಶ್ನೆ: ಸರ್, ನಾನು ಬಸವನ ಬಾಗೇವಾಡಿ ಕಡೀ ಹಳ್ಳಿಯೊಂದ್ರಾಗ ಸಾಲಿ ಅಕ್ಕೋರು. ನಮ್ಮಲ್ಲೆ ಮಳಿಗಾಲ ಮುಗೀತಂದ್ರ ಆಗಾಗ ನೆಲದಾಗ ಗುಡುಗಿದಂಗ ಸಪ್ಪಳ ಬರ್ತದ, ಪಾತ್ರಿ ಅಲುಗ್ತಾವ. ಹೋದ ಸಲ ಹಂಗ ಆದಾಗ ಓಣಿ ಮಂದಿ ಎಲ್ಲಾ ಅಂಗಳದಾಗ ಮಲಗಿದ್ವಿ, ರಾತ್ರಿ ನನ್ನ ಮಗ ಮೊಬೈಲ್ ಕಂಪಾಸ್ ನೋಡಿ "ಅವ್ವಾ, ಮುಳ್ಳು ತಿರಗಲಿಕ್ಕತ್ತದ" ಅಂದ, ಮುಂದ ಎರಡು ತಾಸಿಗೆ ಖರೇನ ನೆಲ ಅಲುಗ್ತು. ಭೂಕಂಪಕ್ಕ ಮೊದಲ ಭೂಮಿಯ ಆಯಸ್ಕಾಂತ ಶಕ್ತಿ ಬದಲಾಗ್ತದ ಅಂತ ವಾಟ್ಸಾಪ್‌ನಾಗೂ ಬರ್ತದ. ಈಗ ಒಬ್ಬಾವ ಮ್ಯಾಗ್ನೆಟ್ ಅಲಾರಾಂ ಅಂತ 3,500 ರೂಪಾಯಿಗೆ ಮಾರ್ಲಿಕ್ಕೆ ಬಂದಾನ, ಸಾಲಿಗೆ ಒಂದು ತಗೊಳ್ಳೂನು ಅಂತ ಎಲ್ಲಾರೂ ಅಂತಾರ. ತಗೋಬೇಕೋ ಬ್ಯಾಡೋ?

ಉತ್ತರ: ಅಕ್ಕೋರ, ಮೊದಲ ಹೇಳಿಬಿಡ್ತೀನಿ, ಅದನ್ನ ತಗೋಬ್ಯಾಡ್ರಿ. ಆ ರೊಕ್ಕದಾಗ ಮಾಡೂ ಕೆಲಸ ಬ್ಯಾರೆ ಅದ, ಕಡೀಗೆ ಹೇಳ್ತೀನಿ. ಆದ್ರ ನಿಮ್ಮ ಪ್ರಶ್ನೆ ಹಗುರದ್ದಲ್ಲ, ದೊಡ್ಡ ದೊಡ್ಡ ವಿಜ್ಞಾನಿಗಳು ಇದರ ಹಿಂದ ವರ್ಷಾನುಗಟ್ಟಲೆ ಬಿದ್ದಾರ. ನಿಮ್ಮ ಹುಡುಗ ನೋಡಿದ್ದು ಸುಳ್ಳು ಅಂತನೂ ನಾ ಅನ್ನಂಗಿಲ್ಲ. ಮುಳ್ಳು ತಿರುಗಿರ್ತದ. ಯಾಕ ತಿರುಗ್ತು ಅನ್ನೂದರಾಗ ಎಲ್ಲಾ ಕಥಿ ಅದ.

ಒಂದು ಮಾತು ಕೇಳ್ತೀನಿ, ಅವತ್ತ ಅಂಗಳದಾಗ ಹುಡುಗ ಮಲಗಿದ್ದು ಕಬ್ಬಿಣದ ಮಂಚದ ಮ್ಯಾಲೇನು? ನೂರಕ್ಕ ತೊಂಬತ್ತು ಪಾಲು ಹೌದ ಇರ್ತದ, ಯಾಕಂದ್ರ ಹೊರಗ ಮಲಗೂದಂದ್ರ ನಮ್ಮ ಮಂದಿ ಮೊದಲ ಎಳದು ತರೂದ ಕಬ್ಬಿಣದ ಮಂಚ. ಫೋನ್ ಮಂಚದ ಪಟ್ಟಿಯಿಂದ ಒಂದು ಗೇಣು ಈ ಕಡೆ ಆ ಕಡೆ ಆದ್ರ ಸಾಕು, ಮುಳ್ಳು ಗಿರಕಿ ಹೊಡೀತದ. ಫೋನ್ ಕವರಿಗೆ ಮ್ಯಾಗ್ನೆಟ್ ಬಟನ್ ಇದ್ರೂ ಅದ ಕಥಿ, ಬಾಜೂಕ ಇಯರ್‌ಫೋನ್ ಡಬ್ಬಿ ಇದ್ರೂ ಅದ ಕಥಿ. ಮತ್ತ ನಮ್ಮ ಕಡೀ ಕರೀ ಕಲ್ಲಿನೊಳಗನ ಮ್ಯಾಗ್ನೆಟೈಟ್ ಅನ್ನೂ ಕಬ್ಬಿಣದ ಖನಿಜ ಅದ. ಗೋಳಗುಮ್ಮಟ ಕಟ್ಟಿದ್ದು ಅದ ಜಾತಿ ಕಲ್ಲಿಲೆ, ಬೆಸಾಲ್ಟ್ ಅಂತೀವಿ, ಸುಮಾರು 6.6 ಕೋಟಿ ವರ್ಷದ ಹಿಂದ ಹರದು ಬಂದ ಲಾವಾ ಆರಿ ಆದ ಕಲ್ಲು. ಕರೀ ಕಲ್ಲಿನ ದೊಡ್ಡ ಗುಂಡಿನ ಸುತ್ತ ಕಂಪಾಸ್ ಹಿಡಕೊಂಡು ಒಂದು ಸುತ್ತು ಹಾಕ್ರಿ, ಉತ್ತರ ಅನ್ನೂದು ಅಲ್ಲಲ್ಲೆ ತಟಗು ಸರಿದಂಗ ಕಾಣ್ತದ. ಬದಾಮಿ ಕಡೆ ಕೆಂಪು ಮರಳುಗಲ್ಲಿನ ಮುಂದ ಇಷ್ಟು ಕಾಣಂಗಿಲ್ಲ.

ನಾ ಕೆಲಸಕ್ಕ ಸೇರಿದ ಹೊಸದಾಗಿ ನಿಮ್ಮ ಕಡೀ ಹೊಲದಾಗನ ಸರ್ವೇ ಮಾಡೀನಿ. ನಮ್ಮ ಕಡೆ ಆಯಸ್ಕಾಂತ ಶಕ್ತಿ ಅಳಿಯೂ ಪ್ರೋಟಾನ್ ಮ್ಯಾಗ್ನೆಟೋಮೀಟರ್ ಇತ್ತು, ಹೆಸರು ದೊಡ್ಡದು ಆದ್ರ ಅದರ ತಲಿ ಅಂದ್ರ ಒಂದು ಬಾಟ್ಲಿ, ಒಳಗ ಸೀಮೆಎಣ್ಣಿ, ಸುತ್ತ ತಾಮ್ರದ ತಂತಿ. ತಂತಿಯೊಳಗ ಕರೆಂಟ್ ಬಿಟ್ಟು ಟಕ್ಕನ ಬಂದ್ ಮಾಡಿದ್ರ ಎಣ್ಣಿಯೊಳಗಿನ ಹೈಡ್ರೋಜನ್ ಕಣಗಳು ಬುಗುರಿ ಹಂಗ ತಲಿ ಆಡಿಸ್ತಾವ, ಎಷ್ಟು ಜೋರು ಆಡಿಸ್ತಾವ ಅನ್ನೂದರ ಮ್ಯಾಲ ಅಲ್ಲಿಯ ಆಯಸ್ಕಾಂತ ಕ್ಷೇತ್ರ ಎಷ್ಟದ ಅಂತ ಗೊತ್ತಾಗ್ತದ. ಲೆಕ್ಕ ನ್ಯಾನೋಟೆಸ್ಲಾ ಅನ್ನೂ ಅಳತಿಯೊಳಗ. ನಮ್ಮ ಭಾಗದಾಗ ಭೂಮಿಯ ಕ್ಷೇತ್ರ 40 ಸಾವಿರ ನ್ಯಾನೋಟೆಸ್ಲಾದ ಮ್ಯಾಲ ಬರ್ತದ. ಅವತ್ತ ಜ್ವಾಳದ ಹೊಲದ ಬದುವಿನ ಮ್ಯಾಲ ಕೋಲು ಊರಿ ನಿಂತಿದ್ದೆ, ರೀಡಿಂಗ್ ಛಲೋ ಬರ್ತಿತ್ತು, ಒಮ್ಮಿಗೇ ಜಿಗದು ಹೋತು. ಏನಪಾ ಅಂತ ನೋಡಿದ್ರ ಹೊಲದ ಮಾಲಕ ಚಾ ಕೊಡಬೇಕಂತ ಬಂದು ನನ್ನ ಹಿಂದ ಸೈಕಲ್ ನಿಲ್ಲಿಸ್ಯಾನ. ಅವನ ಸೈಕಲ್ ದೂರ ಒಯ್ಯಿಸಿ ಮತ್ತ ನೋಡಿದೆ, ಇನ್ನೂ ತಟಗು ಹೆಚ್ಚುಕಡಿಮಿ ಇತ್ತು, ಅದು ನನ್ನ ಬೆಲ್ಟಿನ ಬಕ್ಕಲ್. ಆಮ್ಯಾಲ ಬೆಲ್ಟ್ ಬಿಚ್ಚಿ, ಕಿಸೆದಾಗಿನ ಕೀಲಿ ತಗದು, ವಾಚ್ ತಗದು ಮುಂದ ಕೆಲಸ ಮಾಡಿದ್ವಿ. ಇನ್ನೊಂದು ದಿನ ಥ್ರೀ ಫೇಸ್ ಕರೆಂಟ್ ಬಂದು ಸುತ್ತಲಿನ ಪಂಪ್‌ಸೆಟ್ ಎಲ್ಲಾ ಒಮ್ಮೆ ಚಾಲೂ ಆದವು, ಅವತ್ತಿನ ಅರ್ಧ ದಿನದ ರೀಡಿಂಗ್ ಒಗೀಬೇಕಾತು.

ಇಷ್ಟುದ್ದ ಯಾಕ ಹೇಳಿದೆ ಅಂದ್ರ, ಆಯಸ್ಕಾಂತ ಕ್ಷೇತ್ರ ಬದಲಾಗೂದು ದೊಡ್ಡ ಸುದ್ದಿ ಅಲ್ಲ, ಅದು ಬದಲಾಗದ ದಿನಾನ ಇಲ್ಲ. ಸೈಕಲ್ ಮಂಚ ಪಂಪ್‌ಸೆಟ್ ಎಲ್ಲಾ ತಗದು ಹಾಕ್ರಿ, ಆದ್ರೂ ದಿನಾ ಮುಂಜಾನೆ ಹೊತ್ತು ಹುಟ್ಟಿದ ಮ್ಯಾಲ ಏರ್ತಾ ಹೋಗಿ ಮಧ್ಯಾಹ್ನದ ಸುಮಾರಿಗೆ ಜಾಸ್ತಿ ಆಗಿ ಸಂಜೀಗೆ ಇಳೀತದ, ಹತ್ತಾರು ನ್ಯಾನೋಟೆಸ್ಲಾ. ಬಿಸಿಲಿಗೆ ಮ್ಯಾಲಿನ ವಾತಾವರಣದಾಗ ಕರೆಂಟ್ ಹರೀತದ, ಅದರಿಂದ. ಸೂರ್ಯನ ಕಡಿಂದ ವಿದ್ಯುತ್ತಿನ ಕಣಗಳ ಬಿರುಗಾಳಿ ಬಂದ್ರಂತೂ ಕೇಳಬ್ಯಾಡ್ರಿ, 2024ರ ಮೇ 10-11ಕ್ಕ ಬಂದದ್ದರಾಗ ಸುಮಾರು 400 ನ್ಯಾನೋಟೆಸ್ಲಾ ಇಳದಿತ್ತು. 1989ರ ಮಾರ್ಚ್‌ದಾಗ ಬಂದ ಬಿರುಗಾಳಿಗೆ ಕೆನಡಾದ ಕ್ವಿಬೆಕ್ ಪ್ರಾಂತ್ಯದಾಗ ಕರೆಂಟೇ ಹೋಗಿತ್ತು. ಇದನ್ನ ಅಳಿಯೂ ಮಂದಿ ಗದ್ದಲಕ್ಕ ಎಷ್ಟು ಅಂಜ್ತಾರ ಅಂದ್ರ, ಮುಂಬೈಯ ಕೊಲಾಬಾದಾಗ 1841ರಿಂದ ವೀಕ್ಷಣಾಲಯ ಇತ್ತು, ಊರಾಗ ಕರೆಂಟಿನ ಟ್ರಾಮ್ ಓಡ್ಸೂ ಮಾತು ಬಂದದ್ದಕ್ಕ ಆಯಸ್ಕಾಂತದ ಅಳತಿ ಮಾಡೂದನ್ನ ಸಮುದ್ರದ ಆಚೆ ಅಲಿಬಾಗ್‌ಗೆ ಒಯ್ದರು, 1904ರಿಂದ ಅಲ್ಲೆ ಅದ, ಇವತ್ತಿಗೂ ಭಾರತೀಯ ಭೂಕಾಂತತ್ವ ಸಂಸ್ಥೆಯವರು ಅಲ್ಲೆ ಅಳೀತಾರ.

ಈಗ ನೆಲದ ಕಡೆ ಬರ್ರಿ. ಕಲ್ಲು ಹಿಚುಕಿದ್ರ ಆಯಸ್ಕಾಂತ ಕ್ಷೇತ್ರ ಬದಲಾಗ್ತದೇನು? ಖರೇನ ಆಗ್ತದ, ಇದು ಮೂಢನಂಬಿಕೆ ಅಲ್ಲ. ಮ್ಯಾಗ್ನೆಟೈಟ್ ಇರೂ ಕಲ್ಲಿನ ಮ್ಯಾಲ ಒತ್ತಡ ಬಿದ್ರ ಅದರ ಆಯಸ್ಕಾಂತ ಗುಣ ತಟಗು ಬದಲಾಗ್ತದ, ಲ್ಯಾಬಿನಾಗ ತೋರಿಸ್ಯಾರ. ಎರಡನೇದು ನೀರು, ಬಿರುಕಿನೊಳಗ ನೀರು ಒತ್ತಡಕ್ಕ ಸಿಕ್ಕು ಹರದ್ರ ತನ್ನ ಜೋಡಿ ವಿದ್ಯುತ್ತಿನ ಕಣ ಎಳಕೊಂಡು ಹೋಗ್ತದ, ಅಂದ್ರ ಸಣ್ಣ ಕರೆಂಟ್, ಕರೆಂಟ್ ಹರದಲ್ಲೆ ಆಯಸ್ಕಾಂತ. ಮೂರನೇದು ನಾಸಾದಾಗ ಕೆಲಸ ಮಾಡಿದ ಫ್ರೀಡೆಮನ್ ಫ್ರಾಯ್ಂಡ್ ಅನ್ನೂ ವಿಜ್ಞಾನಿ ಹೇಳಿದ್ದು, ಒಣ ಕಲ್ಲನ್ನೂ ಒಂದು ತುದಿಯಾಗ ಜೋರಾಗಿ ಹಿಚುಕಿದ್ರ ಕರೆಂಟ್ ಹರೀತದ ಅಂತ, ಅದು ಲ್ಯಾಬ್ ಬಿಟ್ಟು ನೆಲದ ಒಳಗನೂ ಹಂಗ ನಡೀತದೇನು ಅನ್ನೂದು ಇನ್ನೂ ಜಗಳದಾಗ ಅದ.

ಪ್ರಶ್ನೆ ಇರೂದು ಎಷ್ಟು ಅಂತ. 1992ರಾಗ ಕ್ಯಾಲಿಫೋರ್ನಿಯಾದ ಲ್ಯಾಂಡರ್ಸ್‌ದಾಗ 7.3 ತೀವ್ರತೆಯ ದೊಡ್ಡ ಭೂಕಂಪ ಆತು, ಬಿರುಕಿನಿಂದ 17 ಕಿಲೋಮೀಟರ್ ಸುಮಾರಿನಾಗ ಛಲೋ ಮ್ಯಾಗ್ನೆಟೋಮೀಟರ್ ಇತ್ತು. ಭೂಕಂಪ ಆದಾಗ ಅದರಾಗ ಕಂಡ ಬದಲಾವಣಿ ಸುಮಾರು 1 ನ್ಯಾನೋಟೆಸ್ಲಾ. ಒಂದು! ಅದೂ ಭೂಕಂಪ ಆಗೂ ಹೊತ್ತಿಗೆ, ಮೊದಲ ಅಲ್ಲ. ನೆಲ ಮೀಟರುಗಟ್ಟಲೆ ಸರಿದಾಗ ಇಷ್ಟು ಅಂದ್ರ, ನಿಮ್ಮ ಊರ ಕೆಳಗ 3-4 ತೀವ್ರತೆಯದು ಆಗೂಕಿಂತ ಎರಡು ತಾಸು ಮೊದಲ ಎಷ್ಟು ಆದೀತು, ನೀವ ವಿಚಾರ ಮಾಡ್ರಿ. ಮೊಬೈಲ್ ಒಳಗಿನ ಚಿಪ್ ನೂರು ನ್ಯಾನೋಟೆಸ್ಲಾಕ್ಕಿಂತ ಸಣ್ಣದ್ದನ್ನ ಸರಿಯಾಗಿ ಹಿಡಿಯಂಗೇ ಇಲ್ಲ. ಜಾತ್ರಿಯೊಳಗ ಹತ್ತು ಡೊಳ್ಳು ಬಡೀಲಿಕ್ಕತ್ತಾಗ ಮೂಲ್ಯಾಗ ಕೂತಾವ ಉಸಿರು ಬಿಟ್ಟದ್ದು ಕೇಳಿಸ್ತದ ಅಂದಂಗ ಆತು.

ಹಂಗಾದ್ರ ಇಡೀ ಜಗತ್ತು ಇದರ ಬೆನ್ನು ಹತ್ತಿದ್ದು ಯಾಕ ಅಂದ್ರ ಒಂದು ಘಟನೆಯಿಂದ. 1989ರ ಅಕ್ಟೋಬರ್ 17ಕ್ಕ ಕ್ಯಾಲಿಫೋರ್ನಿಯಾದ ಲೋಮಾ ಪ್ರಿಯೆಟಾದಾಗ 6.9 ಭೂಕಂಪ ಆತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಂಟನಿ ಫ್ರೇಸರ್-ಸ್ಮಿತ್ ಅನ್ನಾವರು ಬ್ಯಾರೆ ಕೆಲಸಕ್ಕಂತ ಕೊರಲಿಟೋಸ್ ಅನ್ನೂ ಜಾಗಾದಾಗ ಒಂದು ಉಪಕರಣ ಇಟ್ಟಿದ್ರು, ಭೂಕಂಪದ ಕೇಂದ್ರದಿಂದ ಬರೇ 7 ಕಿಲೋಮೀಟರ್. ಭೂಕಂಪ ಆದ ಮ್ಯಾಲ ತಗದು ನೋಡಿದ್ರ ಸುಮಾರು ಎರಡು ವಾರ ಮೊದಲಿಂದ ಬಹಳ ನಿಧಾನಕ್ಕ ಬಡಕೊಳ್ಳೂ ಆಯಸ್ಕಾಂತ ಅಲೆಗಳ ಗದ್ದಲ ಏರಿತ್ತು, ಕಡೀ ಮೂರು ತಾಸಿನಾಗ ಬಹಳ ಏರಿತ್ತು. ಆ ಗ್ರಾಫ್ ನಾನೂ ಓದೂ ದಿನದಾಗ ನೋಡೀನಿ, ಮೈ ಜುಂ ಅಂದಿತ್ತು, ಇಷ್ಟು ದಿನ ಹುಡುಕಿದ್ದು ಸಿಕ್ಕೇ ಬಿಡ್ತು ಅನಿಸಿತ್ತು. ಇಪ್ಪತ್ತು ವರ್ಷ ಎಲ್ಲಾರೂ ಅದನ್ನ ಉದಾಹರಣಿ ಕೊಟ್ರು. 2009ರಾಗ ಬ್ಯಾರೆಬ್ಯಾರೆ ವಿಜ್ಞಾನಿಗಳು ಅದ ದತ್ತಾಂಶ ಮತ್ತ ತಗದು ಕೂತ್ರು. ಒಬ್ಬರು ಹೇಳಿದ್ದು, ಅವು ಸೂರ್ಯನಿಂದ ಬರೂ ಸಹಜ ಏರಿಳಿತ, ಆ ವರ್ಷ ಸೂರ್ಯನೂ ಬಹಳ ಗದ್ದಲದಾಗ ಇದ್ದ ಅಂತ. ಅಮೆರಿಕದ ಭೂಸರ್ವೇಕ್ಷಣೆಯವರೂ ಇದ್ದ ಇನ್ನೊಂದು ತಂಡ ದೂರದ ಸ್ಟೇಷನ್ನುಗಳ ರೆಕಾರ್ಡ್ ಜೋಡಿ ಹೋಲಿಸಿ ನೋಡಿ, ಇದು ಉಪಕರಣದ್ದ ದೋಷ ಇರಬೇಕು ಅಂದ್ರು. ಪೆಸಿಫಿಕ್ ಸಮುದ್ರದಾಗಿನ ಗುವಾಮ್ ದ್ವೀಪದ 1993ರ ಭೂಕಂಪದ್ದೂ ಹಿಂಗ ಆತು.

ಅದಕ್ಕಿಂತ ದೊಡ್ಡ ಪರೀಕ್ಷೆ ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡ್‌ದಾಗ ಆತು. ಅಲ್ಲೆ ಸುಮಾರು ಇಪ್ಪತ್ತೆರಡು ವರ್ಷಕ್ಕೊಮ್ಮೆ 6ರ ಸುಮಾರು ಭೂಕಂಪ ಬರ್ತಿತ್ತು, ಹಿಂಗಾಗಿ 1993ರೊಳಗ ಮತ್ತ ಬರ್ತದ ಅಂತ ಲೆಕ್ಕ ಹಾಕಿ ಮ್ಯಾಗ್ನೆಟೋಮೀಟರ್ ಸೈತ ಎಲ್ಲಾ ತರದ ಉಪಕರಣ ಹೂಡಿ ಕಾಯ್ದರು. ಅದು ಬಂದದ್ದು 2004ರ ಸಪ್ಟೆಂಬರ್ 28ಕ್ಕ, ಹನ್ನೊಂದು ವರ್ಷ ತಡ. ಬಂದಾಗ ಉಪಕರಣ ಚಾಲೂ ಇದ್ವು, ಮೊದಲ ಯಾವುದೂ ಸುಳಿವು ಕೊಡಲಿಲ್ಲ. ನನ್ನ ಮನಸ್ಸು ಬದಲಾಗಿದ್ದು ಇದನ್ನ ಓದಿದ ಮ್ಯಾಲನ, ಅದಕ್ಕಿಂತ ಹತ್ತಿರ ಕೂತು ಕಾಯೂದು ಸಾಧ್ಯ ಇರಲಿಲ್ಲ.

ಚೀನಾದವರು 1975ರಾಗ ಹೈಚೆಂಗ್ ಊರಿನ ಮಂದೀನ ಮೊದಲ ಹೊರಗ ಕರಕೊಂಡು ಉಳಿಸಿದ್ರಲ್ಲ ಅಂತ ನಿಮಗ ಯಾರರ ಹೇಳ್ಯಾರು. ಖರೆ, ಆದ್ರ ಅಲ್ಲೆ ಮುಖ್ಯವಾಗಿ ಕೆಲಸಕ್ಕ ಬಂದದ್ದು ದೊಡ್ಡದರ ಮೊದಲ ಬಂದ ಸಣ್ಣ ಸಣ್ಣ ನಡುಕ. ಮುಂದಿನ ವರ್ಷ 1976ರ ಜುಲೈದಾಗ ಟಾಂಗ್‌ಶಾನ್‌ನಾಗ ಯಾವ ಮುನ್ಸೂಚನಿ ಇಲ್ಲದ ನೆಲ ನಡುಗಿ ಎರಡು ಲಕ್ಷದ ಮ್ಯಾಲ ಮಂದಿ ಸತ್ರು. ನಿಮ್ಮ ಕಡೀ ಸಣ್ಣ ನಡುಕ ಎಷ್ಟೋ ಸಲ ಬಂದು ಹಂಗ ಹೋಗ್ಯಾವ, ಪ್ರತಿಯೊಂದಕ್ಕೂ ದೊಡ್ಡದು ಹಿಂದ ಬರ್ತದ ಅಂತಲ್ಲ.

ಈಗ ಆ ಅಲಾರಾಂ. ನೀವು ಕಳಿಸಿದ ಫೋಟೋದಾಗ ಲಾಳದ ಆಕಾರದ ಮ್ಯಾಗ್ನೆಟ್ಟಿಗೆ ಒಂದು ಬೋಲ್ಟ್ ಹತ್ತಿಸ್ಯಾರ, ಭೂಕಂಪದ ಮೊದಲ ಮ್ಯಾಗ್ನೆಟ್ ಶಕ್ತಿ ಕಳಕೊಂಡು ಬೋಲ್ಟ್ ಕೆಳಗ ಬಿದ್ದು ಗಂಟಿ ಹೊಡೀತದ ಅಂತ. ಈ ಐಡಿಯಾ ಇವತ್ತಿಂದಲ್ಲ. 1855ರ ನವಂಬರ್‌ದಾಗ ಜಪಾನಿನ ಎಡೊದಾಗ, ಅಂದ್ರ ಈಗಿನ ಟೋಕಿಯೊದಾಗ, ದೊಡ್ಡ ಭೂಕಂಪ ಆತು. ಅದಕ್ಕ ಒಂದೆರಡು ತಾಸು ಮೊದಲ ಅಲ್ಲಿಯ ಕನ್ನಡಕದ ಅಂಗಡಿಯಾಗಿನ ದೊಡ್ಡ ಆಯಸ್ಕಾಂತದ ಕಲ್ಲಿಗೆ ಅಂಟಿದ್ದ ಕಬ್ಬಿಣದ ಮೊಳೆ ಎಲ್ಲಾ ಉದುರಿ ಬಿದ್ವು, ಭೂಕಂಪ ಆದ ಮ್ಯಾಲ ಮತ್ತ ಹತ್ತಿದ್ವು ಅಂತ ಅವಾಗಿನ ಮಂದಿ ಬರದಿಟ್ಟಾರ. ಕೇಳಲಿಕ್ಕೆ ಬಹಳ ಛಂದ ಅದ, ಆದ್ರ ಲೆಕ್ಕ ಕೂಡಂಗಿಲ್ಲ. ಒಂದು ಛಲೋ ಮ್ಯಾಗ್ನೆಟ್ಟಿನ ಬಾಯಿ ಹತ್ತಿರ 10 ಕೋಟಿ ನ್ಯಾನೋಟೆಸ್ಲಾ ಸುಮಾರು ಶಕ್ತಿ ಇರ್ತದ, ಭೂಮಿಯದು 40 ಸಾವಿರ ಚಿಲ್ಲರ, ಭೂಕಂಪದ್ದು ಒಂದು. ಇಡೀ ಭೂಮಿಯ ಕ್ಷೇತ್ರ ಪೂರಾ ಮಾಯ ಆದ್ರೂ ಆ ಬೋಲ್ಟ್ ಬೀಳಂಗಿಲ್ಲ. ಬಿದ್ರ ಯಾರೋ ಬಾಗಿಲ ದಡಾರಂತ ಹಾಕಿದ್ದಕ್ಕ ಬೀಳ್ತದ, ಇಲ್ಲಾ ನೆಲ ಆಗಲೇ ಅಲುಗಿದ್ದಕ್ಕ ಬೀಳ್ತದ. ಇದನ್ನ ಮಾರಾವ ನಿಮ್ಮ ಅಂಜಿಕೆ ಮ್ಯಾಲ ರೊಕ್ಕ ಮಾಡ್ಲಿಕ್ಕತ್ತಾನ, ನನಗ ಬಹಳ ಸಿಟ್ಟು ಬರ್ತದ. ಅಂಥಾದ್ದೊಂದು ಗ್ವಾಡಿ ಮ್ಯಾಲ ಇತ್ತಂದ್ರ ಮಂದಿ ಅದು ಹೊಡಕೊಂಡಿಲ್ಲ ಅಂತ ಧೈರ್ಯಾದಾಗ ಬಿರುಕು ಬಿಟ್ಟ ಮನಿಯೊಳಗ ಮಲಗ್ತಾರ, ಅದ ನನಗ ಚಿಂತಿ.

ವಾಟ್ಸಾಪ್‌ನಾಗ ಬರೂ "ಸೌರ ಬಿರುಗಾಳಿ ಬಂತು, ಮೂರು ದಿನದಾಗ ಭೂಕಂಪ" ಅನ್ನೂದೂ ಹಂಗ. ಜಗತ್ತಿನಾಗ 4ರ ಮ್ಯಾಲಿನ ಭೂಕಂಪ ದಿನಕ್ಕ ಮೂವತ್ತರ ಮ್ಯಾಲ ಆಗ್ತಾವ, 6ರ ಮ್ಯಾಲಿನವು ವಾರಕ್ಕ ಎರಡು-ಮೂರು. ಯಾವ ದಿನಾ ಹೇಳಿದ್ರೂ ಮೂರು ದಿನದಾಗ ಎಲ್ಲೋ ಒಂದು ಕಡೆ ಆಗೇ ಆಗ್ತದ. ಹೇಳಾವ ಊರು, ದಿನ, ತೀವ್ರತೆ ಮೂರೂ ಮೊದಲ ಹೇಳಬೇಕು, ತಪ್ಪಿದ್ದೂ ಲೆಕ್ಕ ಇಡಬೇಕು. ನಿಮ್ಮ ಹುಡುಗನ ಕಂಪಾಸ್ ತಿರುಗಿ ನೆಲ ಅಲುಗದ ರಾತ್ರಿ ಎಷ್ಟಾವ ಅಂತ ಯಾರೂ ಬರದಿಟ್ಟಿಲ್ಲ. ಮತ್ತ ಅವತ್ತ ನೀವೆಲ್ಲಾ ಹೊರಗ ಮಲಗಿದ್ದ ಅದಕ್ಕ ಮೊದಲ ಒಮ್ಮೆ ನೆಲ ಅಲುಗಿದ್ದಕ್ಕ, ಅಂದ್ರ ನಡುಕದ ಸರಣಿ ಆಗಲೇ ಚಾಲೂ ಆಗಿತ್ತು. ಮುಳ್ಳು ನೋಡದಿದ್ರೂ ಇನ್ನೊಂದು ಬರೂದು ಸಹಜ ಇತ್ತು.

ಇದರರ್ಥ ಸಂಶೋಧನೆ ನಿಲ್ಲಿಸ್ಬೇಕು ಅಂತಲ್ಲ. ಫ್ರಾನ್ಸಿನವರು 2004ರಾಗ ಡೆಮಿಟರ್ ಅಂತ ಉಪಗ್ರಹ ಹಾರಿಸಿ ನೋಡಿದ್ರು, ಚೀನಾ 2018ರಾಗ ಇದ ಕೆಲಸಕ್ಕಂತ ಒಂದು ಕಳಿಸ್ತು. ನಮ್ಮ ಹತ್ತಿರದ ಮಹಾರಾಷ್ಟ್ರದ ಕೊಯ್ನಾದಾಗ ಮೂರು ಕಿಲೋಮೀಟರ್ ಆಳ ಬೋರ್ ಕೊರದು ನೆಲದ ಒಳಗ ಏನು ನಡೀತದ ಅಂತ ಕೇಂದ್ರ ಸರಕಾರದವರು ನೋಡ್ಲಿಕ್ಕತ್ತಾರ. ಅದು ಬಹಳ ಮಹತ್ವದ ಕೆಲಸ, 1967ರ ಡಿಸೆಂಬರ್ 11ರ ಬೆಳಗಿನ ಜಾವ ಅಲ್ಲೆ ಆದ ಭೂಕಂಪ ಬೆಳಗಾವಿ ಕಡೀ ವಯಸ್ಸಾದವರಿಗೆ ಇನ್ನೂ ನೆನಪದ. ಆಯಸ್ಕಾಂತ ಅಳಿಯೂ ಎರಡು ಸ್ಟೇಷನ್ ಇಟ್ಟು ಒಂದರ ರೀಡಿಂಗಿನಾಗ ಇನ್ನೊಂದು ಕಳದ್ರ ಸೂರ್ಯನ ಗದ್ದಲ ಹೋಗಿ ನೆಲದ್ದಷ್ಟ ಉಳೀತದ, ಆ ದಾರಿಯೊಳಗ ಹೋದ್ರ ಮುಂದೊಂದು ದಿನ ಏನರ ಸಿಕ್ಕೀತು. ಇವತ್ತಿನ ತನಕ ಮಾತ್ರ ಯಾರ ಕಡೆಯೂ ನಂಬೂ ಅಂಥಾ ಆಯಸ್ಕಾಂತದ ಮುನ್ಸೂಚನಿ ಇಲ್ಲ.

ನೀವು ಸಪ್ಪಳದ ಬಗ್ಗೆ ಬರದಿದ್ರಿ. 2021ರಿಂದ ಈಚೆ ವಿಜಯಪುರ, ಕಲಬುರಗಿ ಜಿಲ್ಲಾದಾಗ ಇದು ಬಹಳ ಸಲ ಆಗ್ಯದ, 2022ರ ಜುಲೈ 9ರ ಮುಂಜಾನೆ ವಿಜಯಪುರದಾಗ 4ರ ಮ್ಯಾಲಿಂದೂ ಆಗ್ಯದ. ಜೋರು ಮಳಿ ಆದ ಮ್ಯಾಲ ನೀರು ಬಿರುಕಿನೊಳಗ ಇಳದು ಒಳಗಿನ ಒತ್ತಡ ಬದಲು ಮಾಡ್ತದ, ಅದಕ್ಕ ಇಂಥಾ ಮ್ಯಾಲಮ್ಯಾಲಿನ ನಡುಕ ಅಂತ ವಿಜ್ಞಾನಿಗಳು ಹೇಳ್ಯಾರ. ಆಳ ಕಡಿಮಿ ಇರೂದಕ್ಕ ಸಪ್ಪಳ ಕೇಳ್ತದ. 2002ರ ಭೂಕಂಪ ನಕ್ಷೆಯೊಳಗ ಬೆಳಗಾವಿ, ವಿಜಯಪುರ ಎರಡೂ ಮೂರನೇ ವಲಯದಾಗ ಇದ್ದವು, ಅಂದ್ರ ಪೂರಾ ನಿಶ್ಚಿಂತಿ ಇರೂ ಜಾಗಾ ಅಲ್ಲ.

1993ರ ಸಪ್ಟೆಂಬರ್ 30, ಮುಂಜಾನೆ ನಾಲ್ಕಕ್ಕ ನಾಲ್ಕು ನಿಮಿಷ ಕಡಿಮಿ, ವಿಜಯಪುರದ ರೂಮಿನಾಗ ನಾನು ಎದ್ದು ಕೂತಿದ್ದೆ, ಗ್ವಾಡಿಗೆ ಹಾಕಿದ್ದ ಕನ್ನಡಿ ಟಕ ಟಕ ಅಂತಿತ್ತು. ಭೂಕಂಪ ಆದ ಮಹಾರಾಷ್ಟ್ರದ ಕಿಲ್ಲಾರಿ ನಮಗ 160 ಕಿಲೋಮೀಟರ್ ದೂರ. ಅಲ್ಲೆ ಗಣಪತಿ ಕಳಿಸಿ ಬಂದು ಮಂದಿ ಗಾಢ ನಿದ್ದಿಯೊಳಗ ಇದ್ರು, ಹತ್ತು ಸಾವಿರದ ಹತ್ತಿರ ಸತ್ರು. ತೀವ್ರತೆ 6.2, ಲ್ಯಾಂಡರ್ಸ್‌ಕಿಂತ ಎಷ್ಟೋ ಸಣ್ಣದು, ಲ್ಯಾಂಡರ್ಸ್‌ದಾಗ ಸತ್ತವರು ಬೆರಳೆಣಿಕಿ. ಮುಂದ ನಮ್ಮ ಸರ್‌ಗಳ ಜೋಡಿ ಉಪಕರಣ ಹೊತ್ತುಕೊಂಡು ಅಲ್ಲಿ ಹೋಗಿದ್ದೆ. ಒಂದು ಮನಿ ಇನ್ನೂ ಕಣ್ಣ ಮುಂದ ಅದ, ನಾಲ್ಕೂ ಕಡೀ ಗ್ವಾಡಿ ಬಿದ್ದಾವ, ನಡುವ ಕಟ್ಟಿಗಿ ಕಂಬ ಹಂಗ ನಿಂತಾವ, ಕಂಬದ ಗೂಟಕ್ಕ ಒಂದು ಸಣ್ಣ ಕೂಸಿನ ಕುಂಚಿಗಿ ಜೋತು ಬಿದ್ದದ. ಎರಡು ಫೂಟಿನ ಮ್ಯಾಲ ದಪ್ಪ ಗ್ವಾಡಿ, ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ನಡುವ ಮಣ್ಣು ಕಲ್ಲಚೂರು, ಎರಡೂ ಸಾಲನ್ನ ಹಿಡಿಯೂ ಉದ್ದ ಕಲ್ಲು ಒಂದೂ ಇಲ್ಲ. ಅಲುಗಿದ ಕೂಡಲೇ ಎರಡು ಸಾಲು ಎರಡು ಕಡೆ ಒಡದು, ಮ್ಯಾಲ ವರ್ಷಾ ವರ್ಷಾ ಹಾಕಿದ್ದ ಮಣ್ಣಿನ ಮಾಳಗಿ ಮಲಗಿದವರ ಮ್ಯಾಲ ಬಂತು. ಅಕ್ಕೋರ, ನಿಮ್ಮ ಊರಾಗ ಇರೂ ಹಳೀ ಮನಿಗಳು ಅಂಥಾವ ಅವ.

ಅದಕ್ಕ ಹೇಳೂದು. ಸಾಲಿಯೊಳಗಿನ ಕಬ್ಬಿಣದ ಕಪಾಟಿಗೆ ಮ್ಯಾಲಿನ ಎರಡೂ ಮೂಲಿಗೆ ಎಲ್ ಆಕಾರದ ಪಟ್ಟಿ ಹಾಕಿಸಿ ಗ್ವಾಡಿಗೆ ಬೋಲ್ಟ್ ಬಿಗಿಸ್ರಿ. ಬಾಗಿಲ ಮ್ಯಾಲಿನ ಅಟ್ಟದಾಗ ಭಾರದ್ದು ಇಡಬ್ಯಾಡ್ರಿ. ನೆಲ ಅಲುಗಿದ್ರ ಓಡಬಾರದು, ಬೆಂಚಿನ ಕೆಳಗ ತಲಿ ಮುಚಗೊಂಡು ಬೆಂಚಿನ ಕಾಲು ಹಿಡಕೊಂಡು ಕೂಡಬೇಕು ಅಂತ ತಿಂಗಳಿಗೊಮ್ಮೆ ಹುಡುಗರಿಗೆ ಮಾಡಿಸ್ರಿ, ಅಲುಗೂದು ನಿಂತ ಮ್ಯಾಲ ಸಾಲಾಗಿ ಹೊರಗ. ಹಳೀ ಮನಿ ಮಾಳಗಿ ಮ್ಯಾಲಿನ ಹೆಚ್ಚಿನ ಮಣ್ಣು ತಗಸೂದು, ಗ್ವಾಡಿಯೊಳಗ ಮೂರ್ನಾಲ್ಕು ಫೂಟಿಗೊಂದು ಆಚೆ ಈಚೆ ಹಿಡಿಯೂ ಉದ್ದ ಕಲ್ಲು ಇಲ್ಲಾ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ತುಂಡು ಕೂಡಿಸೂದು, ಗೊತ್ತಿದ್ದ ಮೇಸ್ತ್ರಿ ಇಂಜಿನಿಯರ್ ಹೇಳಿದಂಗ ಮಾಡಿಸ್ರಿ, ಪೂರಾ ಹೊಸಾ ಮನಿ ಕಟ್ಟೂ ಖರ್ಚು ಬರಂಗಿಲ್ಲ. ಮಣ್ಣು ತಗಸೂ ಮೊದಲ ಕೆಳಗ ಯಾರೂ ಇರಬಾರದು, ಜಂತಿ ನೋಡಿಸೂದು ಮರೀಬ್ಯಾಡ್ರಿ.

ಫೋನು ಒಂದು ಕೆಲಸ ಮಾತ್ರ ಮಾಡ್ತದ. ಆಂಡ್ರಾಯ್ಡ್‌ನಾಗ 2023ರಿಂದ ನಮ್ಮ ದೇಶದಾಗ ಭೂಕಂಪದ ಅಲರ್ಟ್ ಬರ್ತದ, ಸೆಟ್ಟಿಂಗ್ಸ್‌ದಾಗ ಚಾಲೂ ಮಾಡಿ ಇಡ್ರಿ. ಅದು ಆಯಸ್ಕಾಂತ ನೋಡಂಗಿಲ್ಲ, ಭೂಕಂಪ ಚಾಲೂ ಆದ ಮ್ಯಾಲ ಮೊದಲ ಬರೂ ಹಗುರ ಅಲೆ ಹಿಡೀತದ. ಹಗುರದ್ದು ಸೆಕೆಂಡಿಗೆ 6 ಕಿಲೋಮೀಟರ್, ಜೋರಾಗಿ ಅಲುಗಿಸೂದು 3.5 ಕಿಲೋಮೀಟರ್ ಓಡ್ತದ. ಕಿಲ್ಲಾರಿಯಂಥಾದ್ದು ಮತ್ತ ಆದ್ರ ವಿಜಯಪುರಕ್ಕ ಎರಡರ ನಡುವ ಇಪ್ಪತ್ತು ಸೆಕೆಂಡ್ ಹತ್ತಿರ ಸಿಗ್ತದ, ಒಂದು ಕ್ಲಾಸಿನ ಹುಡುಗರು ಬೆಂಚಿನ ಕೆಳಗ ಹೋಗ್ಲಿಕ್ಕೆ ಅಷ್ಟು ಸಾಕು. ನಿಮ್ಮ ಊರ ಬುಡದಾಗನ ಆದ್ರ ಸಿಗಂಗಿಲ್ಲ.

ಇನ್ನ ನಿಮ್ಮ ಮಗ. ಅವಗ ಬೈಬ್ಯಾಡ್ರಿ, ಅಂಥಾ ಕಣ್ಣಿನ ಹುಡುಗರು ಬೇಕು. ಫೋನಿನ ಕವರ್ ತಗದು, ಸಾಲಿಯ ಕಟ್ಟಿಗಿ ಟೇಬಲ್ ಮ್ಯಾಲ ಸೀಮೆಸುಣ್ಣದಿಂದ ಗುರ್ತು ಮಾಡಿ, ದಿನಾ ಮುಂಜಾನೆ, ಮಧ್ಯಾಹ್ನ, ಸಂಜೀಕ ಅದ ಜಾಗಾದಾಗ ಅದ ದಿಕ್ಕಿಗೆ ಇಟ್ಟು ರೀಡಿಂಗ್ ಬರೀಲಿ, ಬಾಜೂಕ ಥ್ರೀ ಫೇಸ್ ಕರೆಂಟ್ ಇತ್ತೋ ಇಲ್ಲೋ ಅನ್ನೂದು, ನೆಲ ಗುಡುಗಿದ್ರ ತಾರೀಖು ಟೈಮ್. ಏನೂ ಆಗದ ದಿನಾನೂ ಬರೀಬೇಕು, ಅದು ಬಹಳ ಮುಖ್ಯ. ಮೂರು ತಿಂಗಳು ತುಂಬಿದ ಮ್ಯಾಲ ಆ ನೋಟ್‌ಬುಕ್ಕಿನ ಫೋಟೋ ಕಳಿಸ್ರಿ, ಅವನ ಜೋಡಿ ಕೂತು ಗ್ರಾಫ್ ಹಾಕೂದು ನಾ ಹೇಳಿಕೊಡ್ತೀನಿ.